ತಾಂಡೇಲನ ತೂಕ

ನಾನು ಕೈ ಮಾಡುವ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಆಟ ಕಲಿಸುತ್ತಿದ್ದೇನೆ. ಈ ಕಡೆಯ ಮೂವತ್ತು ದಾಟಿದ ಎಷ್ಟೋ ಗಂಡಸರ ಬೆನ್ನಿಗೆ ನನ್ನ ಅಂಗೈಯ ಪರಿಚಯವಿದೆ. ಈಗ ಮಕ್ಕಳನ್ನು ಹೊಡೆಯುವ ಹಾಗಿಲ್ಲ, ಅದು ಸರಿಯೇ. ಆದರೆ ನಿಯಮ ಬಂತೆಂದು ಕೈ ಸುಮ್ಮನಾಗುವುದಿಲ್ಲ. ಕಾರವಾರದ ಬಸ್ಸಿನಲ್ಲಿ ಮೈಮೇಲೆ ಬಿದ್ದ ಒಬ್ಬನ ಮೂಗು ಒಡೆದು, ಅವನ ರಕ್ತ ನನ್ನ ಸೀರೆಗೆ ಹಾರಿತೆಂದು ಸಿಟ್ಟು ಬಂದು ಮತ್ತೆರಡು ಬಿಟ್ಟಿದ್ದೆ. ಕಂಡಕ್ಟರು ನನ್ನನ್ನೇ ಅವರ್ಸಾದಲ್ಲಿ ಇಳಿಸಿದ. ಅಲ್ಲಿಂದ ಅಂಕೋಲೆಯ ಬೊಬ್ರುವಾಡದ ನನ್ನ ಮನೆಗೆ ಆ ದಿನ ಆಟೋದಲ್ಲಿ ಹೋದೆ.

ನಮ್ಮ ಮನೆಯಲ್ಲಿ ಎಲ್ಲರೂ ಹೀಗೆಯೇ. ನನಗೆ ಹತ್ತು ವರ್ಷವಿದ್ದಾಗ ಅಪ್ಪ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ಅಣ್ಣನಿಗೆ ಆಗ ಹದಿನೆಂಟು. ಹದಿಮೂರನೆಯ ದಿನ ಮುಗಿಸಿ ಮರುದಿನವೇ ಅಪ್ಪನ ಜಾಗಕ್ಕೆ ಬೋಟು ಹತ್ತಿದ. ಅಂದಿನಿಂದ ನನಗೆ ಅವನೇ ಅಪ್ಪ. ಶಾಲೆ ತಪ್ಪಿಸಿ ಈಜಲು ಹೋದೆನೆಂದು ಒಮ್ಮೆ ಒದ್ದೆ ಹಗ್ಗದಲ್ಲಿ ಬಾರಿಸಿ ತೆಂಗಿನ ಮರಕ್ಕೆ ಕಟ್ಟಿಹಾಕಿದ್ದ. ಅವನ ಒಂದು ಏಟಿಗೆ ನಾನು ಅಂಗಳದ ಈ ತುದಿಯಿಂದ ಹಾರಿ ತುಳಸಿಕಟ್ಟೆಯ ಬುಡದಲ್ಲಿ ಬೀಳುತ್ತಿದ್ದೆ. ಅದೇ ಅಣ್ಣ, ಚಡ್ಡಿ ಹಾಕಿಕೊಂಡು ಗುಂಡು ಎಸೆಯಲು ಮೈದಾನಕ್ಕಿಳಿದ ನನ್ನ ಬಗ್ಗೆ ಹೊಲಸು ಮಾತಾಡಿದವನನ್ನು ಬೋಟು ನಿಲ್ಲುವ ಧಕ್ಕೆಯ ಉದ್ದಕ್ಕೂ ಅಟ್ಟಿಸಿಕೊಂಡು ಹೋಗಿ ದೋಣಿಯ ಹುಟ್ಟಿನಿಂದ ಹೊಡೆದ. ಹುಟ್ಟೂ ಮುರಿಯಿತು, ಅವನ ಹೆಗಲೂ ಮುರಿಯಿತು. ಊರಿನವರು ನಾಲ್ಕು ಮಾತಾಡಿದರೂ ಕೇಳದೆ ನನ್ನನ್ನು ದೈಹಿಕ ಶಿಕ್ಷಣದ ಕಾಲೇಜಿಗೆ ಕಳಿಸಿದವನು ಅವನೇ. ಪ್ರೀತಿ ಎಂಬುದು ನಮ್ಮಲ್ಲಿ ಹೀಗೆ ಕೈಯಿಂದ ಕೈಗೆ ಬಂದಿದೆ.

ಅಣ್ಣ ಆಮೇಲೆ ತಾಂಡೇಲನಾದ. ಎಂದರೆ ಬೋಟಿನ ಮುಖ್ಯಸ್ಥ. ಎಲ್ಲಿ ಬಲೆ ಬಿಡಬೇಕು, ಯಾವಾಗ ಎಳೆಯಬೇಕು, ಎಲ್ಲ ಅವನ ಮಾತು. ಅವನ ಬೋಟಿನವರಿಗೆ ಒಂದು ರೂಢಿಯಿತ್ತು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು, ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು, ಬೋಟು ಮೊದಲ ಸಲ ಹೊರಡುವ ದಿನ ಕಾರವಾರದ ಬೈತಕೋಲದ ಧಕ್ಕೆಯಲ್ಲಿ ಮೀನು ತೂಗುವ ಕಾಟಾದ ಮೇಲೆ ತಾಂಡೇಲನನ್ನು ನಿಲ್ಲಿಸಿ ತೂಗುತ್ತಿದ್ದರು. ಹೋದ ವರ್ಷಕ್ಕಿಂತ ಹೆಚ್ಚು ಬಂದರೆ ಬೋಟಿಗೆ ಒಳ್ಳೆಯ ವರ್ಷ. ಯಾರೋ ಕುಡಿದ ಅಮಲಿನಲ್ಲಿ ಶುರು ಮಾಡಿದ ತಮಾಷೆ ಅದು. ಎರಡು ವರ್ಷ ಲೆಕ್ಕ ಹೊಂದಿದ್ದೇ ತಡ, ಬೋಟಿನಲ್ಲಿ ದುಡಿಯುವ ಖಲಾಸಿಗಳು ನಂಬಿಬಿಟ್ಟರು. ಒಮ್ಮೆ ಪಕ್ಕದ ಬೋಟಿನವನೊಬ್ಬ ನಿಮ್ಮ ಕಾಟಾ ಸುಳ್ಳು ಎಂದದ್ದಕ್ಕೆ ಅಲ್ಲಿಯೇ ಹೊಡೆದಾಟವಾಗಿ, ಯಾರದೋ ಹಲ್ಲು ಮಾರನೆಯ ದಿನ ಐಸಿನ ರಾಶಿಯಲ್ಲಿ ಸಿಕ್ಕಿತು.

ಹಾಗಾಗಿ ಅಣ್ಣನ ಹೊಟ್ಟೆ ಅವನೊಬ್ಬನದೇ ಆಗಿರಲಿಲ್ಲ. ಬಲೆಗೆ ಬಿದ್ದದ್ದರಲ್ಲಿ ಕೊಬ್ಬಿದ ತಾರ್ಲೆ, ಎಣ್ಣೆ ತುಂಬಿದ ಬಂಗಡೆ ಮೊದಲು ತಾಂಡೇಲನ ಬುಟ್ಟಿಗೆ ಬೀಳುತ್ತಿತ್ತು. ಅವರ್ಸಾದ ಅಣ್ಣನ ಮನೆಯಲ್ಲಿ ಅತ್ತಿಗೆ ಅದನ್ನು ತೆಂಗಿನಕಾಯಿ ಅರೆದು ಸಾರು ಮಾಡಿ, ಅರ್ಧ ಹುರಿದು, ಗಂಡನ ಎದುರಿಗೆ ಕುಳಿತು ಬಡಿಸುತ್ತಿದ್ದಳು. ನೂರಾ ಒಂಬತ್ತು ಕಿಲೋ ಇದ್ದವನು ನೂರಾ ಹನ್ನೆರಡಾದ ವರ್ಷ ಖಲಾಸಿಗಳು ಕೇಕೆ ಹಾಕಿ ಅವನನ್ನು ಹೆಗಲ ಮೇಲೆ ಎತ್ತಲು ಹೋಗಿ ಮೂವರು ನೆಲಕ್ಕೆ ಬಿದ್ದರು.

ನಾನು ಮಾತ್ರ ನಗಲಿಲ್ಲ. ದಪ್ಪ ಮೈ ನನಗೆ ಕಣ್ಣಿಗಾಗದು. ಶಾಲೆಯಲ್ಲಿ ದಪ್ಪ ಮಕ್ಕಳನ್ನು ಮೈದಾನಕ್ಕೆ ಎರಡು ಸುತ್ತು ಹೆಚ್ಚು ಓಡಿಸಿದವಳು ನಾನು. ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ವರ್ಷ ದೀಪಾವಳಿ ರಜೆಯಿಂದಲೇ ಅಣ್ಣನ ಬೆನ್ನು ಹತ್ತಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಅವರ್ಸಾಕ್ಕೆ ಹೋಗಿ, ಬೋಟಿಗೆ ಹೋಗದ ದಿನಗಳಲ್ಲಿ ಅವನನ್ನು ಮರಳಿನ ಮೇಲೆ ನಡೆಸುತ್ತಿದ್ದೆ. ಕೈಯಲ್ಲಿ ಸೀಟಿ. ನಿಂತರೆ ಊದುತ್ತಿದ್ದೆ, ಕುಳಿತರೆ ರಟ್ಟೆ ಹಿಡಿದು ಎಳೆಯುತ್ತಿದ್ದೆ.

"ಇಡೀ ಬೋಟು ನಂಗೆ ಹೆದರ್ತದೆ. ನಾ ನಿಂಗೆ ಹೆದರೂಹಾಂಗೆ ಆಯ್ತಲಾ ತಂಗೀ," ಎಂದು ಏದುಸಿರು ಬಿಡುತ್ತ ಹೇಳುತ್ತಿದ್ದ.

"ಮಾತಾಡೂಕೆ ಉಸಿರು ಇತ್ತು ಅಂದ್ರೆ ನಡೆಯೂಕೂ ಇತ್ತು. ನಡಿ," ಎನ್ನುತ್ತಿದ್ದೆ.

ಮುಂದಿನ ಬೇಸಿಗೆಗೆ ಅವನ ಅಂಗಿ ಸಡಿಲವಾಯಿತು. ಮಳೆಗಾಲದಲ್ಲಿ ನಡಿಗೆ ನಿಂತಿತು, ಆದರೂ ಅವನು ಇಳಿಯುತ್ತಲೇ ಹೋದ. ಇಲ್ಲಿಯೇ ನಾನು ಎಡವಿದ್ದು. ನಡೆಯದೆ, ಎಂದಿನಂತೆ ಉಂಡೂ ಒಬ್ಬ ಮನುಷ್ಯ ಕರಗುತ್ತಿದ್ದಾನೆಂದರೆ ಮೈಯೊಳಗೆ ಏನೋ ಕೆಟ್ಟಿದೆಯೆಂದು ಮಕ್ಕಳಿಗೆ ಆರೋಗ್ಯದ ಪಾಠ ಮಾಡುವವಳಿಗೆ ಹೊಳೆಯಬೇಕಿತ್ತು. ಹೊಸದಾಗಿ ಸಕ್ಕರೆ ಕಾಯಿಲೆಯೂ ಬಂತು. ಸಿಹಿ ಬಿಟ್ಟರಾಯಿತು ಎಂದೆ. ಬೆನ್ನು ನೋಯುತ್ತದೆ ಎಂದ. ಬಲೆ ಎಳೆದ ಬೆನ್ನು ಎಂದೆ. ಆಗಸ್ಟಿನಲ್ಲಿ ಕಾಟಾ ಹತ್ತಿದಾಗ ಕೆಂಪು ಅಂಕಿ ತೊಂಬತ್ತಾರು ತೋರಿಸಿತು. ಖಲಾಸಿಗಳ ಮುಖ ಸಣ್ಣದಾಯಿತು. ನಾನು ಎದೆ ಸೆಟೆಸಿ, ಇದು ನನ್ನ ಕೆಲಸ ಎಂದು ಎಲ್ಲರೆದುರು ಹೇಳಿದೆ. ಬೋಟಿಗೆ ಅಪಶಕುನ ಎಂದು ಗೊಣಗಿದ ಒಬ್ಬನ ಕಪಾಳಕ್ಕೆ ಬಿಗಿದೆ. ಅವನು ಹೇಳಿದ್ದು ಒಂದು ರೀತಿಯಲ್ಲಿ ನಿಜವೇ ಆಗಿತ್ತು. ಇಂದಿಗೂ ನಾನು ಅವನ ಕ್ಷಮೆ ಕೇಳಿಲ್ಲ.

ತಿಂಗಳು ಕಳೆಯುವುದರೊಳಗೆ ಅಣ್ಣನ ಕಣ್ಣು ಹಳದಿಯಾಯಿತು. ಮೈಯೆಲ್ಲ ತುರಿಕೆ; ಉಗುರಿನಲ್ಲಿ ಪರಚಿ ಪರಚಿ ತೋಳಿನ ಮೇಲೆ ರಕ್ತದ ಗೆರೆಗಳು. ಮೂರು ದಿನ ಕಾಮಾಲೆಗೆಂದು ಯಾರೋ ಕೊಟ್ಟ ಸೊಪ್ಪಿನ ರಸ ಕುಡಿದ. ನಾಲ್ಕನೆಯ ದಿನ ನಾನೇ ಕಾರವಾರಕ್ಕೆ ಎಳೆದುಕೊಂಡು ಹೋದೆ. ಸ್ಕ್ಯಾನು, ರಕ್ತ, ಮತ್ತೆ ಸ್ಕ್ಯಾನು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಇತ್ತು. ಕ್ಯಾನ್ಸರು. ದೊಡ್ಡ ಊರಿಗೆ ಹೋಗಿ ಪಿತ್ತದ ದಾರಿಗೆ ನಳಿಗೆ ಹಾಕಿಸಿಕೊಂಡು ಬಂದೆವು. ಕಾಮಾಲೆ ಇಳಿಯಲು ಮೂರು ವಾರ ಬೇಕು, ಆಮೇಲೆ ಕಿಮೋ ಶುರು ಮಾಡೋಣ, ಗಡ್ಡೆ ಕುಗ್ಗಿದರೆ ಆಪರೇಷನ್ ಮಾಡಬಹುದು ಎಂದು ಕಾರವಾರದ ಡಾಕ್ಟರು ಹೇಳಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ನನ್ನ ಹಳೆಯ ವಿದ್ಯಾರ್ಥಿಗಳ ಓರಗೆಯವರು. ಆಗ ಅಣ್ಣನ ತೂಕ ಎಂಬತ್ತೆಂಟು.

ನಾನು ಕೇಳಿದ್ದು ಒಂದೇ ಪ್ರಶ್ನೆ. ಯಾಕೆ ಬಂತು?

"ಇದೇ ಕಾರಣ ಅಂತ ಯಾರಿಗೂ ಬೆರಳು ಮಾಡಿ ತೋರಿಸೋಕೆ ಆಗಲ್ಲ. ಸಣ್ಣಗಿದ್ದವರಿಗೂ ಬರುತ್ತೆ," ಎಂದರು ಡಾಕ್ಟರು. "ಆದರೆ ವರ್ಷಗಟ್ಟಲೆ ದಪ್ಪ ಇದ್ದರೆ ಸಾಧ್ಯತೆ ಹೆಚ್ಚು. ಕೊಬ್ಬು ಅಂದರೆ ಸುಮ್ಮನೆ ಬಿದ್ದಿರೋ ದಾಸ್ತಾನು ಅಂದುಕೊಂಡಿರುತ್ತೇವೆ. ಅಲ್ಲ. ಅದೂ ಒಂದು ಗ್ರಂಥಿಯ ಹಾಗೇ ಕೆಲಸ ಮಾಡುತ್ತೆ, ರಕ್ತಕ್ಕೆ ಹಾರ್ಮೋನು ಬಿಡುತ್ತೆ. ಲೆಪ್ಟಿನ್ ಅಂತ ಒಂದಿದೆ. ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳೋದು ಅದರ ಕೆಲಸ. ಕೊಬ್ಬು ಹೆಚ್ಚಿದ ಹಾಗೆ ಅದೂ ಹೆಚ್ಚುತ್ತೆ, ಮಿದುಳು ಕೇಳೋದು ನಿಲ್ಲಿಸುತ್ತೆ. ಆದರೆ ಬೇರೆ ಕಡೆ ಅದರ ಮಾತು ನಡೀತಾ ಇರುತ್ತೆ. ಕ್ಯಾನ್ಸರ್ ಕೋಶಕ್ಕೆ ಬೆಳೆ, ಹರಡು ಅಂತ ಹುರಿದುಂಬಿಸುತ್ತೆ ಅನ್ನೋದನ್ನ ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಅಡಿಪೊನೆಕ್ಟಿನ್ ಅಂತ ಇನ್ನೊಂದು. ಅದು ಉರಿಯೂತ ತಗ್ಗಿಸೋದು, ಇನ್ಸುಲಿನ್ ಸರಿಯಾಗಿ ನಡೆಯೋ ಹಾಗೆ ನೋಡಿಕೊಳ್ಳೋದು. ದಪ್ಪ ಆದವರಲ್ಲಿ ಅದು ಕಮ್ಮಿಯಾಗುತ್ತೆ. ಹುರಿದುಂಬಿಸೋದು ಜಾಸ್ತಿ, ತಡೆಯೋದು ಕಮ್ಮಿ. ಇನ್ನೂ ಎಲ್ಲ ಬಿಡಿಸಿ ಗೊತ್ತಾಗಿಲ್ಲ."

ಇಷ್ಟು ಕೇಳುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು. ಇಷ್ಟು ವರ್ಷ ನಾನು ಹೇಳಿದ್ದೇ ಸರಿ ಎಂದು ಒಬ್ಬ ಡಾಕ್ಟರು ಬಾಯಿಬಿಟ್ಟು ಹೇಳಿದ ಹಾಗಾಯಿತು. ಮುಂದಿನ ಮಾತಿಗೆ ನಿಲ್ಲದೆ ಗಾಡಿ ತರುತ್ತೇನೆಂದು ಹೊರಗೆ ಬಂದೆ. ನಿಜ ಹೇಳಬೇಕೆಂದರೆ ಅಳು ಬರುತ್ತಿತ್ತು, ಅತ್ತಿಗೆಯ ಎದುರು ಅಳಲು ಮನಸ್ಸಿರಲಿಲ್ಲ. ಒಳಗೆ ಡಾಕ್ಟರು ಊಟದ ವಿಷಯ ಹೇಳಿದ್ದನ್ನು ಕೇಳಿದವಳು ಅತ್ತಿಗೆ ಒಬ್ಬಳೇ.

ಆ ಸಂಜೆ ಅವರ್ಸಾದಲ್ಲಿ ಅತ್ತಿಗೆ ಒಲೆಯ ಮೇಲೆ ಬಂಗಡೆಯ ಸಾರಿಟ್ಟಿದ್ದಳು. ತೆಂಗಿನಕಾಯಿ ಎಣ್ಣೆ ಬಿಟ್ಟ ಕೆಂಪು ಸಾರು. ನಾನು ಬಟ್ಟೆಯಲ್ಲಿ ಪಾತ್ರೆಯ ಕಂಠ ಹಿಡಿದು ಎತ್ತಿ ಅಂಗಳಕ್ಕೆ ಎಸೆದೆ. ಪಾತ್ರೆ ಬಾವಿಕಟ್ಟೆಗೆ ಬಡಿದು ಜಜ್ಜಿಹೋಯಿತು. ಬಿಸಿ ಸಾರು ಅವಳ ಪಾದಕ್ಕೆ ಹಾರಿ ಬೊಬ್ಬೆ ಎದ್ದಿತು.

"ಇದ್ನೇ ತಿನ್ಸಿ ತಿನ್ಸಿ ಅಂವನ್ನ ಕೊಂದೆ ನೀನು," ಎಂದೆ.

ಅತ್ತಿಗೆ ಕಾಲು ನೋಡಿಕೊಳ್ಳಲಿಲ್ಲ. "ಡಾಕ್ಟರು ತಿನ್ಸೂಕೆ ಹೇಳಿದಾರೆ. ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸರ್ತಿ. ಊಟದ ಸಂಗಡ ನುಂಗೂಕೆ ಕ್ಯಾಪ್ಸೂಲೂ ಕೊಟ್ಟಿದಾರೆ. ತೂಕ ಇಳೀಲಿಕ್ಕೆ ಬಿಡಬೇಡಿ ಹೇಳಿ ಎರಡು ಸರ್ತಿ ಹೇಳಿದ್ರು. ನೀ ಹೊರಗೆ ಹೋಗಿದ್ದೆ."

"ನೀ ಏಳನೇ ಇಯತ್ತೆ ಓದಿದವಳು. ನಂಗೆ ಹೇಳ್ಬೇಡ. ಕೊಬ್ಬೇ ಗಡ್ಡೆಗೆ ಅನ್ನ. ಕೊಬ್ಬು ಕರಗಿದ್ರೆ ಗಡ್ಡೆ ಉಪವಾಸ ಬೀಳ್ತದೆ."

ಇದು ಡಾಕ್ಟರು ಹೇಳಿದ್ದಲ್ಲ. ನಾನು ಕಟ್ಟಿದ್ದು. ಆದರೆ ಹೇಳುವಾಗ ಅದು ಎಷ್ಟು ಸರಿಯಾಗಿ ಕೇಳಿಸಿತೆಂದರೆ, ಜಗಲಿಯ ಮೇಲೆ ಕುಳಿತಿದ್ದ ಅಣ್ಣ ಅತ್ತಿಗೆಯ ಕಡೆ ನೋಡದೆ ನನ್ನ ಕಡೆ ನೋಡಿದ. ಕಡಲಿನಲ್ಲಿ ಗಾಳಿಯ ವಾಸನೆಯಿಂದ ಮೀನಿನ ಜಾಗ ಹೇಳುವ ಮನುಷ್ಯ, ಸಾಯುವ ಭಯ ಬಂದಾಗ ಓದಿದ ತಂಗಿಯನ್ನು ನಂಬಿದ. "ತಂಗಿ ಹೇಳ್ದಾಂಗೆ ಆಗ್ಲಿ," ಎಂದ.

ಶಾಲೆಗೆ ರಜೆ ಹಾಕಿ ಅಣ್ಣನ ಮನೆಯಲ್ಲಿಯೇ ಉಳಿದೆ. ಅಡುಗೆಮನೆಗೆ ನಾನೇ ಒಡತಿ. ಎಣ್ಣೆಯ ಡಬ್ಬಿ, ತೆಂಗಿನಕಾಯಿ, ಒಣಮೀನು ಎಲ್ಲವನ್ನೂ ಕಪಾಟಿಗೆ ಹಾಕಿ ಬೀಗ ಜಡಿದು ಕೀಲಿಯನ್ನು ಸೀಟಿಯ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡೆ. ಬೆಳಿಗ್ಗೆ ಗಂಜಿಯ ತಿಳಿ, ಮಧ್ಯಾಹ್ನ ಬೇಯಿಸಿದ ಸೊಪ್ಪು, ರಾತ್ರಿ ಮತ್ತೆ ತಿಳಿ. ಊಟವೇ ಇಲ್ಲದ ಮೇಲೆ ಊಟದ ಕ್ಯಾಪ್ಸೂಲು ಯಾಕೆಂದು ಅದನ್ನೂ ನಿಲ್ಲಿಸಿದೆ. ಅಣ್ಣನಿಗೆ ಹೇಗೂ ಹಸಿವೆ ಸತ್ತಿತ್ತು. ಬೇಡವೆಂದರೆ ಬಯ್ಯುವವರಿಲ್ಲ ಎಂದು ಅವನಿಗೂ ಹಗುರವಾಗಿರಬೇಕು. ಹೊಟ್ಟೆಯ ಚರ್ಮ ಜೋತುಬಿದ್ದಿತು. ಕೆನ್ನೆ ಒಳಗೆ ಹೋಯಿತು. ದಿನಾ ಬೆಳಿಗ್ಗೆ ಅವನ ಹೊಟ್ಟೆಯ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು, ಓಟದ ಸಮಯ ಬರೆಯುವ ನನ್ನ ಪುಸ್ತಕದಲ್ಲಿ ಬರೆಯುತ್ತಿದ್ದೆ. ಕಮ್ಮಿ ಬಂದ ದಿನ ಗೆದ್ದ ಖುಷಿ.

ಅತ್ತಿಗೆಯೂ ಬಿಡುವವಳಲ್ಲ. ಹದಿನೈದನೆಯ ದಿನವಿರಬೇಕು, ಮಧ್ಯಾಹ್ನ ನಾನು ಸ್ನಾನಕ್ಕೆ ಹೋದಾಗ ನೆರೆಮನೆಯಲ್ಲಿ ಬೇಯಿಸಿದ ಇಸೋಣ ಮೀನಿನ ತುಂಡನ್ನು ಅನ್ನಕ್ಕೆ ಕಲಸಿ, ತೆಂಗಿನ ಸಿಪ್ಪೆ ರಾಶಿ ಹಾಕುವ ಕೊಟ್ಟಿಗೆಯಲ್ಲಿ ಗಂಡನನ್ನು ಕೂರಿಸಿಕೊಂಡು ತುತ್ತು ಕೊಡುತ್ತಿದ್ದಳು. ಅವಳ ಸೀರೆಯ ಸೆರಗಿನಲ್ಲಿ ಕ್ಯಾಪ್ಸೂಲಿನ ಸ್ಟ್ರಿಪ್ಪು. ಒದ್ದೆ ಕೂದಲಲ್ಲೇ ನಾನು ಓಡಿದೆ. ಬಟ್ಟಲನ್ನು ಒದ್ದೆ. ಅನ್ನ ಸಿಪ್ಪೆಯ ಮೇಲೆ ಚೆಲ್ಲಿತು. ಅತ್ತಿಗೆ ಎದ್ದು ನನ್ನ ಜಡೆ ಹಿಡಿದಳು. ನಾನು ಅವಳ ಕೆನ್ನೆಗೆ ಹೊಡೆದೆ, ಇಪ್ಪತ್ತಾರು ವರ್ಷ ಯಾರಿಗೂ ಕೊಡದ ಏಟು ಅದು. ಅವಳ ತುಟಿ ಒಡೆಯಿತು. ಅವಳು ಕೈಗೆ ಸಿಕ್ಕ ಸಿಪ್ಪೆ ಸುಲಿಯುವ ಕಬ್ಬಿಣವನ್ನೇ ಬೀಸಿದಳು. ನನ್ನ ಮೊಣಕೈಗೆ ತಾಗಿದ ಗುರುತು ಇಂದಿಗೂ ಇದೆ. ಇಬ್ಬರೂ ಐವತ್ತರ ಹತ್ತಿರದ ಹೆಂಗಸರು, ಸಿಪ್ಪೆಯ ರಾಶಿಯಲ್ಲಿ ಹೊರಳಾಡುತ್ತಿದ್ದೆವು. ನಾನು ಮೇಲಿದ್ದೆ. ಇನ್ನೊಂದು ಏಟಿಗೆ ಕೈ ಎತ್ತಿದ್ದೆ.

ಆಗ ಅಣ್ಣ ನನ್ನನ್ನು ಹೊಡೆದ.

ಅವನು ಗೋಡೆ ಹಿಡಿದು ಎದ್ದು ಬಂದದ್ದು ನನಗೆ ಗೊತ್ತಾಗಿರಲಿಲ್ಲ. ತೋಳನ್ನು ಪೂರ್ತಿ ಹಿಂದಕ್ಕೆ ತೆಗೆದು, ಹಲ್ಲು ಕಚ್ಚಿ, ಮೈಯಲ್ಲಿದ್ದ ಎಲ್ಲ ಬಲ ಹಾಕಿ ನನ್ನ ಕೆನ್ನೆಗೆ ಬಾರಿಸಿದ. ಬೀಳಲು ಸಿದ್ಧವಾಗಿ ನಾನು ಕಣ್ಣು ಮುಚ್ಚಿದ್ದೆ, ಚಿಕ್ಕಂದಿನ ಅಭ್ಯಾಸ. ಒದ್ದೆ ಬಟ್ಟೆ ತಾಗಿದ ಹಾಗಾಯಿತು. ಅಷ್ಟೇ. ಕೆನ್ನೆ ಅಲುಗಲೂ ಇಲ್ಲ. ಕಣ್ಣು ತೆರೆದರೆ, ಹೊಡೆದ ರಭಸಕ್ಕೆ ಅವನೇ ಸಿಪ್ಪೆಯ ಮೇಲೆ ಕುಸಿದಿದ್ದ. ತನ್ನ ಅಂಗೈಯನ್ನು ತಾನೇ ನೋಡಿಕೊಳ್ಳುತ್ತಿದ್ದ.

ನಾನು ಆ ದಿನ ಅತ್ತ ಹಾಗೆ ಅಪ್ಪ ಹೋದಾಗಲೂ ಅತ್ತಿರಲಿಲ್ಲ. ಅಂಗಳದ ತುದಿಗೆ ನನ್ನನ್ನು ಎಸೆಯುತ್ತಿದ್ದ ಕೈಯನ್ನು ನಾನೇ ತಿಂದು ಮುಗಿಸಿದ್ದೆ. ಟೇಪು ಹದಿನೈದು ದಿನ ಹೇಳಿದ್ದನ್ನು ಆ ಏಟು ಒಂದೇ ಸಲಕ್ಕೆ ಬೇರೆ ರೀತಿ ಹೇಳಿತು. ಕೊರಳಿನ ದಾರ ಕಿತ್ತು ಕೀಲಿಯನ್ನು ಅತ್ತಿಗೆಯ ಮುಂದಿಟ್ಟೆ. ಅವಳು ಸೆರಗಿನಿಂದ ತುಟಿಯ ರಕ್ತ ಒರೆಸಿಕೊಂಡು ಕೀಲಿ ತೆಗೆದುಕೊಂಡಳು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಮರುದಿನ ಮೂವರೂ ಕಾರವಾರಕ್ಕೆ ಹೋದೆವು. ಎಪ್ಪತ್ತಾರು. ಡಾಕ್ಟರು ಅಂಕಿ ನೋಡಿ, ಅತ್ತಿಗೆಯ ತುಟಿ ನೋಡಿ, ನನ್ನ ಮೊಣಕೈಯ ಬಟ್ಟೆ ನೋಡಿದರು. ನಾನೇ ಎಲ್ಲ ಹೇಳಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಆವತ್ತು ನಾನು ಹೇಳಿದ್ದು ಹಳೇ ಕಥೆ. ಕೊಬ್ಬಿನ ಹಾರ್ಮೋನುಗಳ ಕೆಲಸ ವರ್ಷಗಟ್ಟಲೆ ನಡೆಯುವಂಥದ್ದು," ಎಂದರು. "ಈಗ ಇವರ ಕೊಬ್ಬನ್ನೂ ಮಾಂಸವನ್ನೂ ಕರಗಿಸ್ತಾ ಇರೋದು ಕ್ಯಾನ್ಸರೇ. ಮನುಷ್ಯ ಉಪವಾಸ ಇದ್ದರೆ ಗಡ್ಡೆ ಉಪವಾಸ ಇರಲ್ಲ. ಅದು ಮೈಯಿಂದಲೇ ಕಿತ್ತು ತಿನ್ನುತ್ತೆ. ಮೇದೋಜೀರಕ ರಸ ಇಲ್ಲದೆ ಉಂಡದ್ದೂ ಮೈಗೆ ಹತ್ತಲ್ಲ, ಅದಕ್ಕೇ ಆ ಕ್ಯಾಪ್ಸೂಲು. ನೀವು ಗಡ್ಡೆಯ ಜೊತೆ ಸೇರಿಕೊಂಡು ಅಣ್ಣನ ಮೇಲೆ ಬಿದ್ದ ಹಾಗಾಯಿತು."

ಹೊಡೆತ ಎಂದರೆ ಅದು. ನನಗೆ ಬೇಕಿತ್ತು.

ಈ ಸ್ಥಿತಿಯಲ್ಲಿ ಕಿಮೋ ಕೊಟ್ಟರೆ ತಡೆಯಲಾರರು, ಹದಿನೈದು ದಿನದಲ್ಲಿ ಎಂಬತ್ತಕ್ಕೆ ತನ್ನಿ ಎಂದರು. ತಡವಾದಷ್ಟೂ ಗಡ್ಡೆಗೆ ಅನುಕೂಲ ಎಂದೂ ಹೇಳಿದರು. ಎಂಬತ್ತು ಎಂಬ ಅಂಕಿಯ ಮೇಲೆ ನಮ್ಮ ಮನೆ ನಿಂತಿತು.

ಅತ್ತಿಗೆ ಬೇಯಿಸಿದಳು, ನಾನು ತಿನ್ನಿಸಿದೆ. ಅದು ಅವಳದೇ ಆಜ್ಞೆ. "ನೀ ನಿಲ್ಸಿದ್ದು, ನೀನೇ ಉಣ್ಸು," ಎಂದಳು. ದಿನಕ್ಕೆ ಆರು ಸಲ, ಅಂಗೈಯಲ್ಲಿ ಹಿಡಿಯುವಷ್ಟು. ಮೊಟ್ಟೆ, ಮೀನು, ಬಾಳೆಹಣ್ಣು, ತುಪ್ಪ ಹಾಕಿದ ಗಂಜಿ. ಪ್ರತಿ ಸಲಕ್ಕೂ ಕ್ಯಾಪ್ಸೂಲು. ಅಣ್ಣ ವಾಂತಿ ಮಾಡಿಕೊಂಡರೆ ಒರೆಸಿ, ಅರ್ಧ ಗಂಟೆ ಕಾದು, ಮತ್ತೆ. ಮೊದಮೊದಲು ತುತ್ತನ್ನು ಅವನ ಗದ್ದಕ್ಕೆ ತಾಗಿಸಿ ಚೆಲ್ಲುತ್ತಿದ್ದೆ. ಹೊಡೆಯುವುದಕ್ಕೆ ಬಿಟ್ಟು ಬೇರೆಯದಕ್ಕೆ ನನ್ನ ಕೈಯನ್ನು ಒಬ್ಬರ ಮುಖದ ಹತ್ತಿರ ಒಯ್ದದ್ದು ಕಮ್ಮಿ. ಊರಿನ ಅಂಗಡಿಯ ಕಾಟಾದಲ್ಲಿ ಒಂದು ದಿನ ಎಪ್ಪತ್ತೇಳು ಬಂತು, ಮರುದಿನ ಮತ್ತೆ ಎಪ್ಪತ್ತಾರು. ನಾನು ಬಾವಿಕಟ್ಟೆಗೆ ಗುದ್ದಿ ಬೆರಳಿನ ಗೆಣ್ಣು ಒಡೆದುಕೊಂಡೆ. ಅಣ್ಣ ಕಿಟಕಿಯಿಂದ ನೋಡುತ್ತಿದ್ದ.

ಹದಿನೈದನೆಯ ದಿನ ಆಸ್ಪತ್ರೆಯ ಕಾಟಾ ಹತ್ತಿದಾಗ ಎಂಬತ್ತು ಪಾಯಿಂಟ್ ಎರಡು. ಅತ್ತಿಗೆ ಕೈ ಮುಗಿದಳು. ನರ್ಸು ಬರೆದುಕೊಂಡಳು. ಅಣ್ಣ ಇಳಿಯುವಾಗ ನನಗೊಂದು ಸದ್ದು ಕೇಳಿಸಿತು. ಆ ಸದ್ದು ನನಗೆ ತೊಟ್ಟಿಲಿನಿಂದ ಗೊತ್ತು. ಬಲೆಯ ಅಡಿ ಅಂಚಿಗೆ ಪೋಣಿಸುವ ಸೀಸದ ಗುಂಡುಗಳು ಒಂದಕ್ಕೊಂದು ತಾಗುವ ಸದ್ದು.

ಅವನ ಅಂಗಿ ಎತ್ತಿದೆ. ತಡೆಯಲು ಬಂದ ಕೈಯನ್ನು ತಿರುಚಿದೆ. ಸೊಂಟಕ್ಕೆ, ಪಂಚೆಯ ಒಳಗೆ, ಹಳೆಯ ಬಲೆಯ ತುಂಡಿನಲ್ಲಿ ಸೀಸ ಕಟ್ಟಿಕೊಂಡಿದ್ದ. ಭಾರಕ್ಕೆ ದಾರ ಒತ್ತಿ ಚರ್ಮ ಹರಿದಿತ್ತು. ಕಟ್ಟನ್ನು ಕಿತ್ತು ಎಳೆದೆ. ದಾರ ಹರಿದು ಗುಂಡುಗಳು ಆಸ್ಪತ್ರೆಯ ನೆಲದ ಮೇಲೆಲ್ಲ ಚೆಲ್ಲಾಡಿ, ಬೆಂಚಿನ ಕೆಳಗೆ ಉರುಳಿದವು. ಸಾಲಿನಲ್ಲಿ ಕುಳಿತವರು ಕಾಲು ಮೇಲೆತ್ತಿಕೊಂಡರು. ಅವನ ಸೊಂಟದಿಂದ ರಕ್ತ ಜಿನುಗುತ್ತಿತ್ತು. ನಾನು ಕೂಗುತ್ತಲೇ ಇದ್ದೆ. ಕಿಮೋದ ಪ್ರಮಾಣವನ್ನು ತೂಕ ನೋಡಿ ಹಾಕುತ್ತಾರೆ, ಸುಳ್ಳು ತೂಕಕ್ಕೆ ಕೊಟ್ಟರೆ ನೀನು ಸಾಯುತ್ತೀ ಎಂದು ಏನೇನೋ.

"ಸಾಯೂದು ನಂಗೆ ಗೊತ್ತಿತ್ತು," ಎಂದ ಅಣ್ಣ, ಬೆಂಚು ಹಿಡಿದುಕೊಂಡು. "ಎಂಬತ್ತು ಆಗ್ಲಿಲ್ಲ ಅಂದ್ರೆ ನೀ ಜನ್ಮ ಪೂರ್ತಿ ಬಾವಿಕಟ್ಟೆಗೆ ಗುದ್ತಾ ಕೂತ್ಕೊಳ್ತೆ. ಅದ್ಕೆ ಕಟ್ಕೊಂಡೆ."

ನಾನು ನೆಲಕ್ಕೆ ಕುಳಿತು ಸೀಸದ ಗುಂಡುಗಳನ್ನು ಒಂದೊಂದಾಗಿ ಆರಿಸಿದೆ. ಮತ್ತೆ ತೂಗಿದರು. ಎಪ್ಪತ್ತೇಳು. ಡಾಕ್ಟರು ಸೊಂಟದ ಗಾಯಕ್ಕೆ ಪಟ್ಟಿ ಹಾಕಿಸಿ, ಇನ್ನು ಕಾಯುವುದು ಬೇಡ, ಪ್ರಮಾಣ ತಗ್ಗಿಸಿ ಶುರು ಮಾಡೋಣ ಎಂದರು. ನಾನು ಹೊರಗೆ ಅವರನ್ನು ತಡೆದು ನಿಲ್ಲಿಸಿ ಕೇಳಿದೆ: ಆ ಹದಿನೈದು ದಿನ ನಾನು ಹಾಗೆ ಮಾಡದಿದ್ದರೆ?

"ಏನೂ ವ್ಯತ್ಯಾಸ ಆಗ್ತಿರಲಿಲ್ಲ ಅಂತ ಸುಳ್ಳು ಹೇಳಲ್ಲ," ಎಂದರು. "ನಿಮ್ಮಿಂದಲೇ ಹೀಗಾಯಿತು ಅನ್ನೋದೂ ಸುಳ್ಳೇ. ಒಳಗೆ ಹೋಗಿ, ಅಣ್ಣನ ಹತ್ತಿರ ಕೂತ್ಕೊಳ್ಳಿ."

ಪೂರ್ತಿ ಪ್ರಮಾಣ ಅವನಿಗೆ ಕೊನೆಯವರೆಗೂ ಕೊಡಲಾಗಲಿಲ್ಲ. ಗಡ್ಡೆ ಸ್ವಲ್ಪ ಕುಗ್ಗಿ, ಆಪರೇಷನ್ನಿಗೆ ಸಾಲುವಷ್ಟು ಕುಗ್ಗದೆ, ಬೇಸಿಗೆಯಲ್ಲಿ ಮತ್ತೆ ಬೆಳೆಯಿತು. ಅಣ್ಣ ಜಗಲಿಯ ಮೇಲೆ ಕುಳಿತು ಬಲೆ ಹೆಣೆಯುತ್ತಿದ್ದ, ಬೆರಳು ಜೋಮು ಹಿಡಿದಾಗ ನಿಲ್ಲಿಸುತ್ತಿದ್ದ. ನಾನು ಶಾಲೆಗೆ ಮರಳಿದೆ. ದಪ್ಪ ಹುಡುಗಿಯೊಬ್ಬಳು ಓಡಲಾರದೆ ನಿಂತಾಗ ಸೀಟಿ ಊದಲು ಹೋಗಿ, ಕೊರಳಲ್ಲಿ ಸೀಟಿ ಇಲ್ಲವೆಂದು ನೆನಪಾಯಿತು. ಅದನ್ನು ನಾನು ಅವರ್ಸಾದಿಂದ ತಂದೇ ಇರಲಿಲ್ಲ.

ಆ ಆಗಸ್ಟಿನ ಹುಣ್ಣಿಮೆ ಕಳೆದು ಬೋಟು ಹೊರಡುವ ದಿನ ಅಣ್ಣ ಹಟ ಹಿಡಿದ. ಧಕ್ಕೆಗೆ ಹೋಗಬೇಕು. ಹೊಸ ತಾಂಡೇಲ ಬಂದಿದ್ದ, ಅಣ್ಣನ ಕೈಯಲ್ಲೇ ಕಲಿತವನು. ಅವನೇ ಆಟೋ ತಂದು ನಮ್ಮನ್ನೆಲ್ಲ ಕರೆದುಕೊಂಡು ಹೋದ. ಕಾಟಾದ ಹತ್ತಿರ ಖಲಾಸಿಗಳು ತಲೆ ತಗ್ಗಿಸಿ ನಿಂತಿದ್ದರು. ಯಾರೂ ಅಣ್ಣನನ್ನು ಹತ್ತು ಎನ್ನಲಿಲ್ಲ. ಅವನೇ ಹತ್ತಿದ. ಐವತ್ತು.

ಹಿಂದೆ ನನ್ನಿಂದ ಕಪಾಳಕ್ಕೆ ತಿಂದಿದ್ದವನು ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

ಅಣ್ಣ ಕಾಟಾದ ಮೇಲಿಂದಲೇ ಕೈ ಚಾಚಿದ. "ಬಾ ತಂಗೀ. ಸೀಸ ಬ್ಯಾಡ ಅಂದೆ ಅಲಾ. ಹಾಗಾರೆ ನೀನೇ ಹತ್ತು. ನೀ ತೆಗೆದದ್ದು ನೀನೇ ಹಾಕು."

ನನಗೆ ಓಡಿಹೋಗಬೇಕೆನಿಸಿತು. ಅತ್ತಿಗೆ ಬೆನ್ನಿಗೆ ಕೈ ಹಾಕಿ ಮುಂದೆ ದೂಡಿದಳು. ಚಪ್ಪಲಿ ಬಿಟ್ಟು ಹತ್ತಿದೆ. ಆ ಕಬ್ಬಿಣದ ಹಲಗೆ ಇಬ್ಬರಿಗೆ ಚಿಕ್ಕದು, ಹಿಂದಿನಿಂದ ಅವನ ಸೊಂಟ ಬಳಸಿ ನಿಲ್ಲಬೇಕಾಯಿತು. ಕೈಗೆ ಪಕ್ಕೆಲುಬು ಸಿಕ್ಕಿತು, ಸೀಸ ಕಟ್ಟಿದ್ದ ಜಾಗದ ಗಾಯದ ಗೆರೆ ಸಿಕ್ಕಿತು. ನಾನು ಅವನ ಬೆನ್ನಿಗೆ ಮುಖ ಒತ್ತಿದೆ. ಖಲಾಸಿಗಳಲ್ಲಿ ಯಾರೋ ಒಬ್ಬ ಗಟ್ಟಿಯಾಗಿ ಅಂಕಿ ಓದಿದ. ನೂರಾ ಎಂಟು.

ಅಣ್ಣ ಬಗ್ಗಿ ಅಂಕಿ ನೋಡಿದ. ಆ ವರ್ಷದ ಮೀನಿನ ಹಂಗಾಮು ಮುಗಿಯುವ ಮೊದಲೇ ಅವನು ಹೋದ; ಆದರೆ ಆ ದಿನ ಅವನು ನೋಡಿದ್ದು ತನ್ನ ಹಳೆಯ ನೂರಾ ಹನ್ನೆರಡಕ್ಕೆ ಎಷ್ಟು ಸಾಲದು ಎಂಬುದನ್ನು ಮಾತ್ರ.

"ನಾಕು ಕಮ್ಮಿ ಬಂತು," ಎಂದ. "ನೀ ಊಟ ಬಿಟ್ಟಿದ್ದೆ ಕಾಣ್ತದೆ. ಮನೆಗೆ ಹೋಗಿ ಉಣ್ಣು."